ಚಹಾದ ಊರಲ್ಲಿ ಕೂಡಲಿಕ್ಕೊಂದು ಜಾಗ

ಸೊಲ್ಲಾಪುರದ ಎಸ್‌ಟಿ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಯಾವ ಹೋಟೆಲಿಗಾದರೂ ಹೋಗಿ ಕಾಫಿ ಕೇಳಿ ನೋಡಿ. ಹುಡುಗ ಒಂದು ಗಳಿಗೆ ನಿಮ್ಮ ಮುಖ ನೋಡುತ್ತಾನೆ. ಇವರು ಬೆಂಗಳೂರು ಕಡೆಯವರು ಅನ್ನುವುದು ಅವನಿಗೆ ಗೊತ್ತಾಗಿಬಿಡುತ್ತದೆ. ಕಾಫಿ ಬರುತ್ತದೆ, ಕುದಿಯುವ ಹಾಲಿಗೆ ಡಬ್ಬಿಯ ಪುಡಿ ಹಾಕಿ, ಚಹಾಕ್ಕೆ ಹಾಕುವಷ್ಟೇ ಸಕ್ಕರೆ ಸುರಿದದ್ದು. ಚಹಾ ಕೇಳಿದವರ ಮುಖವನ್ನು ಅವನು ನೋಡುವುದೇ ಇಲ್ಲ. ಎಷ್ಟು ಜನ ಅಂತ ಎಣಿಸಿ ಒಳಗೆ ಕೂಗಿ ಹೇಳುತ್ತಾನೆ, ಅಷ್ಟೆ.

ಇಪ್ಪತ್ತಾರು ವರ್ಷ ನಾನು ಸೊಲ್ಲಾಪುರದಿಂದ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗೆ ಪಾಠ ಹೇಳಲು ಎಸ್‌ಟಿ ಬಸ್ಸಿನಲ್ಲಿ ಹೋಗಿಬಂದೆ. ಸುಮಾರು ನಲವತ್ತು ಕಿಲೋಮೀಟರಿನ ದಾರಿ ಅದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಜಾರದಲ್ಲಿ ಮರಾಠಿ, ಶಾಲೆಯಲ್ಲಿ ಮತ್ತೆ ಕನ್ನಡ. ಈ ದಾರಿಯ ಹೋಟೆಲು, ಖಾನಾವಳಿ, ಟಪರಿ, ಈಗ ಬಂದಿರುವ ಕೆಫೆ ಎಲ್ಲವನ್ನೂ ಹಸಿದ ಹೊಟ್ಟೆಯಿಂದಲೇ ಅರಿತವಳು ನಾನು. ಅವುಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ.

ಕಾಫಿ ಅಂದರೆ ಕನ್ನಡ ನಾಡು ಅಂತ ಹೊರಗಿನವರು ತಿಳಿದಿದ್ದಾರೆ. ತಪ್ಪೇನಲ್ಲ. ಬಾಬಾ ಬುಡನ್ ಗಿರಿಯ ಏಳು ಬೀಜಗಳ ಕತೆ ನಮ್ಮದು, ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದೂ ಕರ್ನಾಟಕದಲ್ಲೇ. ಆದರೆ ತುಂಗಭದ್ರೆ ದಾಟಿ ಉತ್ತರಕ್ಕೆ ಬಂದಂತೆಲ್ಲ ಕಾಫಿ ತೆಳುವಾಗುತ್ತ, ಚಹಾ ಗಟ್ಟಿಯಾಗುತ್ತ ಹೋಗುತ್ತದೆ. ವಿಜಯಪುರ, ಕಲಬುರಗಿ ದಾಟಿ ಸೊಲ್ಲಾಪುರಕ್ಕೆ ಬರುವಷ್ಟರಲ್ಲಿ ಚಹಾವೇ ಮಾತಾಡಿಸುವ ರೀತಿಯಾಗಿರುತ್ತದೆ. ಮನೆಗೆ ಬಂದವರು ಎದ್ದು ಹೊರಟರೆ ‘ಚಾ ಕುಡದ್ ಹೋಗ್ರಿ’ ಅನ್ನದಿದ್ದರೆ ಅದು ಅವಮಾನವೇ.

ಇದಕ್ಕೆ ಕಾರಣ ರೈಲು ಮತ್ತು ಗಿರಣಿ. ಸೊಲ್ಲಾಪುರಕ್ಕೆ ಮುಂಬಯಿ ಕಡೆಯಿಂದ ರೈಲು ಬಂದದ್ದು 1860ರಲ್ಲಿ. ಊರವರು ಇವತ್ತಿಗೂ ‘ಜುನೀ ಮಿಲ್’ ಅನ್ನುವ ಮೊದಲ ಬಟ್ಟೆ ಗಿರಣಿ ಶುರುವಾದದ್ದು 1877ರಲ್ಲಿ. 1884ರಲ್ಲಿ ಪಕ್ಕದ ಹೋಟಗಿಯಿಂದ ಗದಗಿಗೆ ಸಣ್ಣ ಹಳಿ ಬಿತ್ತು; ವಿಜಯಪುರ, ಬಾಗಲಕೋಟೆ ಕಡೆಯ ಜನ ಕೂಲಿಗೆ ಸೊಲ್ಲಾಪುರಕ್ಕೆ ಬರುವ ದಾರಿ ಸಲೀಸಾಯಿತು. ಮುಂದೆ 1930ರ ದಶಕದಲ್ಲಿ ಚಹಾ ಬೆಳೆಗಾರರ ಮಂಡಳಿಯವರು ರೈಲು ನಿಲ್ದಾಣ, ಸಂತೆ, ಕಾರ್ಖಾನೆಗಳಲ್ಲಿ ಚಹಾ ಮಾಡಿ ತೋರಿಸಿ, ಕುಡಿಸಿ ರೂಢಿ ಮಾಡಿಸಿದರು. ಕಾಫಿಯವರೂ ಪ್ರಚಾರ ಮಾಡಿದರು. 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದರು. ಆದರೆ ಅದು ಮೇಜು, ಕುರ್ಚಿ, ಪತ್ರಿಕೆ, ಮಾತು ಇರುವ ಜಾಗ. ಪಾಳಿ ಮುಗಿಸಿ ಬಂದವನಿಗೆ ಬೇಕಾಗಿದ್ದದ್ದು ನಿಂತಲ್ಲೇ ಸಿಗುವ, ಸಿಹಿಯಾದ, ಬಿಸಿಯಾದ, ಅಗ್ಗದ ಗುಟುಕು. ಚಹಾ ಗೆದ್ದದ್ದು ಹೀಗೆ.

ಗಿರಣಿಯ ಭೋಂಗಾ ಕೂಗಿದರೆ ಊರು ಏಳುತ್ತಿತ್ತು. ನಮ್ಮಪ್ಪ ಮೂರನೆಯ ಪಾಳಿಯಿಂದ ಬರುವಾಗ ಹೋಟೆಲಿನಲ್ಲಿ ಬಸಿಗೆ ಸುರಿದುಕೊಂಡು ಚಹಾ ಕುಡಿದು, ಲೆಕ್ಕ ಉದ್ರಿ ಬರೆಸಿ ಬರುತ್ತಿದ್ದರು. ಪಗಾರದ ದಿನ ಮೊದಲು ಹೋಟೆಲಿನ ಲೆಕ್ಕ, ಆಮೇಲೆ ಮನೆ. ಒಬ್ಬಂಟಿಗರಾಗಿ ಬಂದ ಕೂಲಿಕಾರರಿಗೆ ಖಾನಾವಳಿಗಳಿದ್ದವು. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಎರಡು ಹೊತ್ತು ಜೋಳದ ರೊಟ್ಟಿ, ಪಲ್ಯ, ಬೇಳೆ, ಅನ್ನ, ಉಳ್ಳಾಗಡ್ಡಿ. ಬಹಳಷ್ಟು ಖಾನಾವಳಿಗಳನ್ನು ನಡೆಸಿದವರು ಹೆಂಗಸರು. ಮನೆಯ ಪಡಸಾಲೆಯೇ ಊಟದ ಸಾಲು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಭೋಂಗಾ ನಿಂತಿತು. ಕೈಗೆ ಉಳಿದದ್ದು ವಿದ್ಯುತ್ ಮಗ್ಗ, ಚಾದರು, ಟಾವೆಲ್ಲು, ಬೀಡಿ. ಖಾನಾವಳಿಗಳೂ ಕಡಿಮೆಯಾದವು, ಪೂರ್ತಿ ಹೋಗಲಿಲ್ಲ.

ಈ ಹೋಟೆಲುಗಳ ಬಗ್ಗೆ ನನಗೆ ಪ್ರೀತಿ ಇದೆ. ಆದರೆ ಹಳೆಯದೆಲ್ಲ ಚೆಂದ ಅಂತ ಹೇಳಲು ನಾನು ತಯಾರಿಲ್ಲ. ನಮ್ಮವ್ವ ಒಂದು ದಿನವೂ ಹೋಟೆಲಿನ ಬಾಕಿನ ಮೇಲೆ ಕೂತು ಚಹಾ ಕುಡಿಯಲಿಲ್ಲ. ಕೂಡುವ ಹಾಗೆ ಇರಲೇ ಇಲ್ಲ. ಸ್ವಲ್ಪ ದೊಡ್ಡ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಅಂತ ಪರದೆ ಕಟ್ಟಿದ ಕತ್ತಲೆ ಗೂಡುಗಳಿರುತ್ತಿದ್ದವು. ಗಂಡನೋ ಅಣ್ಣನೋ ಜೊತೆಗಿದ್ದರೆ ಅಲ್ಲಿಗೆ ಪ್ರವೇಶ. ಒಬ್ಬಳೇ ಹೋದರೆ ಹೊರಗೆ ಕೂತವರ ಕಣ್ಣೆಲ್ಲ ಇತ್ತಲೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕಲಕೋಟೆಯಲ್ಲಿ ಬಸ್ಸು ತಪ್ಪಿದರೆ ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಲ್ಲುವುದೇ ಗತಿ. ಒಂದು ಮಳೆಗಾಲದ ಸಂಜೆ ಧೈರ್ಯ ಮಾಡಿ ಒಂದು ಹೋಟೆಲಿನೊಳಗೆ ಹೋಗಿ ಕೂತೆ. ಗಲ್ಲೆಯ ಮೇಲಿದ್ದವರು ಬೈಯಲಿಲ್ಲ, ಬೇಡ ಅನ್ನಲಿಲ್ಲ. ‘ಬಾಯಾರ, ಪಾರ್ಸಲ್ ಕೊಡ್ಲೇನ್ರಿ?’ ಅಂದರು. ಆ ಮಾತಿನ ಅರ್ಥ ನನಗೆ ತಿಳಿಯಿತು. ಎದ್ದು ಬಂದೆ.

ಅಂದಿನಿಂದ ಯಾವ ಹೋಟೆಲನ್ನಾದರೂ ನಾನು ಅಳೆಯುವುದು ಒಂದೇ ಅಳತೆಯಿಂದ: ಅಲ್ಲಿ ಯಾರು ಕೂಡಬಹುದು, ಎಷ್ಟು ಹೊತ್ತು ಕೂಡಬಹುದು. ರುಚಿ ಆಮೇಲಿನ ಮಾತು.

ಇದು ನನ್ನೊಬ್ಬಳ ಹಟವಲ್ಲ. ನಮ್ಮ ಸಂವಿಧಾನ ಬರೆದವರಿಗೂ ಇದು ದೊಡ್ಡ ವಿಷಯವಾಗಿತ್ತು. 15ನೆಯ ವಿಧಿಯ ಎರಡನೆಯ ಖಂಡ ಅಂಗಡಿ, ಹೋಟೆಲು, ಉಪಾಹಾರಗೃಹಗಳನ್ನು ಹೆಸರಿಸಿಯೇ ಹೇಳುತ್ತದೆ; ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡುವಂತಿಲ್ಲ. ಬಾವಿ, ಕೆರೆಗಳ ಹೆಸರೂ ಅದರಲ್ಲಿದೆ. ಅಕ್ಕಲಕೋಟೆಯ ದಾರಿಯಲ್ಲಿ ವಳಸಂಗ ಬರುತ್ತದೆ. 1937ರಲ್ಲಿ ಡಾ. ಅಂಬೇಡ್ಕರ್ ಅಲ್ಲಿಗೆ ಬಂದು ದಲಿತರ ಬಾವಿಯನ್ನು ಉದ್ಘಾಟಿಸಿದ್ದರು. ಬಸ್ಸು ವಳಸಂಗ ದಾಟುವಾಗಲೆಲ್ಲ ನನಗೆ ಆ ಬಾವಿ ನೆನಪಾಗುತ್ತಿತ್ತು. ನೀರು ಮುಟ್ಟಲಿಕ್ಕೆ ಹೋರಾಡಬೇಕಾದ ನಾಡಿನಲ್ಲಿ ಒಂದೇ ಬಾಕಿನ ಮೇಲೆ ಕೂತು ಒಂದೇ ಗಿಲಾಸಿನ ಸಾಲಿನಿಂದ ಚಹಾ ಕುಡಿಯುವುದು ಸಣ್ಣ ಮಾತಲ್ಲ.

ಅದೇ ದಾರಿಯಲ್ಲಿ ವಳಸಂಗಕ್ಕಿಂತ ಮೊದಲೇ ಕುಂಭಾರಿ. ಬೀಡಿ ಕಟ್ಟುವ ಹೆಂಗಸರಿಗಾಗಿ ಹತ್ತು ಸಾವಿರ ಮನೆಗಳ ವಸತಿ 2006ರಲ್ಲಿ ಅಲ್ಲಿ ಆಯಿತು. ಬೆಳಗ್ಗೆ ಬಸ್ಸು ನಿಂತಾಗ ಕಿಟಕಿಯಿಂದ ನೋಡುತ್ತಿದ್ದೆ: ಹೆಂಗಸರು ಟಪರಿಯ ಮುಂದೆ ನಿಂತು, ಪಲ್ಲು ಬಿಗಿದು, ತಮ್ಮ ಕಾಸಿನಲ್ಲಿ ತಾವೇ ಚಹಾ ಕುಡಿಯುತ್ತಿದ್ದರು. ನಮ್ಮವ್ವನಿಗೆ ಸಿಗದಿದ್ದದ್ದು ಅವರಿಗೆ ಸಿಕ್ಕಿತ್ತು.

ಅಕ್ಕಲಕೋಟೆಯ ಊಟದ ಕತೆ ಬೇರೆ. ಸಂತ ಸ್ವಾಮಿ ಸಮರ್ಥರು 1856ರ ಸುಮಾರಿಗೆ ಈ ಊರಿಗೆ ಬಂದು, ಇಪ್ಪತ್ತೆರಡು ವರ್ಷ ಇಲ್ಲೇ ಇದ್ದು, 1878ರಲ್ಲಿ ಸಮಾಧಿಸ್ಥರಾದರು. ಮಹಾರಾಷ್ಟ್ರದ ಮೂಲೆಮೂಲೆಯಿಂದ ಭಕ್ತರು ಬರುತ್ತಾರೆ. ಗುರುವಾರ ಊರು ತುಂಬಿ ತುಳುಕುತ್ತದೆ. ತುಳಜಾಪುರ, ಪಂಢರಪುರ ಮುಗಿಸಿ ಇಲ್ಲಿಗೆ, ಇಲ್ಲಿಂದ ಗಾಣಗಾಪುರಕ್ಕೆ. ಹೀಗೆ ಯಾತ್ರೆಯ ಸುತ್ತು. ಬರುವವರು ಪುಣೆ, ಮುಂಬಯಿ, ನಾಸಿಕದವರು. ಆದ್ದರಿಂದ ಗುಡಿಯ ಸುತ್ತಲಿನ ಹೋಟೆಲುಗಳಲ್ಲಿ ಸಾಬೂದಾಣಿ ಖಿಚಡಿ, ಮಿಸಳ, ವಡಾಪಾವ್, ಪಾವ್‌ಭಾಜಿ, ದೋಸೆ. ಯಾತ್ರಿಕರಿಗೆ ಗುರುತಿನ ರುಚಿ ಬೇಕು, ಅದು ಸಹಜ. ಆದರೆ ತಾಲ್ಲೂಕಿನ ಹಳ್ಳಿಗಳಿಂದ ಸಂತೆಗೆ ಬಂದ ನಮ್ಮ ಜನ, ಮನೆಯಲ್ಲಿ ರೊಟ್ಟಿ ಬಡಿದು ಕನ್ನಡ ಮಾತಾಡುವವರು, ಅದೇ ಪಾವ್ ತಿಂದು ಹೋಗುತ್ತಾರೆ. ತಮ್ಮ ತಾಲ್ಲೂಕಿನ ಪೇಟೆಯಲ್ಲಿ ಅವರು ಪರಊರಿನ ಗಿರಾಕಿಗಳ ಹಾಗೆ ಉಣ್ಣುತ್ತಾರೆ.

ಹಾಗಿದ್ದೂ ಈ ಭಾಗದ ಅತಿ ಒಳ್ಳೆಯ ಊಟದ ಜಾಗ ಅಕ್ಕಲಕೋಟೆಯಲ್ಲೇ ಇದೆ ಅನ್ನುತ್ತೇನೆ. ಅದು ಹೋಟೆಲಲ್ಲ. 1988ರಲ್ಲಿ ಶುರುವಾದ ಸ್ವಾಮಿ ಸಮರ್ಥ ಅನ್ನಛತ್ರ. ಯಾರು, ಎಲ್ಲಿಯವರು, ಗಂಡೋ ಹೆಣ್ಣೋ, ಜೊತೆಗೆ ಯಾರಿದ್ದಾರೆ ಅಂತ ಕೇಳುವವರಿಲ್ಲ. ಸಾಲಿನಲ್ಲಿ ಜಾಗ ಸಿಕ್ಕಿದಲ್ಲಿ ಕೂಡಬೇಕು, ಉಣ್ಣಬೇಕು. ಕಾರು ತೊಳೆಯುವ ಹುಡುಗನ ಪಕ್ಕ ಕಾರಿನ ಮಾಲಕರು ಕೂತದ್ದನ್ನು ನೋಡಿದ್ದೇನೆ. ಬಸ್ಸು ತಪ್ಪಿದ ಎಷ್ಟೋ ಮಧ್ಯಾಹ್ನಗಳಲ್ಲಿ ನನಗೆ ಕೂಡಲಿಕ್ಕೆ ಜಾಗ ಕೊಟ್ಟದ್ದು ಅದೇ ಸಾಲು.

ಇನ್ನು ಕೆಫೆಗಳಿಗೆ ಬರೋಣ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದಾಗ ದೇಶದ ಹುಡುಗ ಹುಡುಗಿಯರಿಗೆ ಒಂದು ಹೊಸ ರೂಢಿ ಕಲಿಸಿತು: ಒಂದು ಕಪ್ಪಿನ ದುಡ್ಡಿಗೆ ಎರಡು ತಾಸಿನ ಕುರ್ಚಿ. ಆ ರೂಢಿ ಈಗ ನಮ್ಮೂರಿಗೂ ಬಂದಿದೆ. ಹೋಟಗಿ ರಸ್ತೆ, ಸಾತ್ ರಸ್ತಾ, ವಿಜಾಪುರ ರಸ್ತೆ, ಜುಳೆ ಸೊಲ್ಲಾಪುರದ ಕಡೆ ಗಾಜಿನ ಬಾಗಿಲು, ಹಳದಿ ದೀಪ, ಗೋಡೆಯ ಮೇಲೆ ಇಂಗ್ಲಿಷು. ಕೋಲ್ಡ್ ಕಾಫಿ, ಪಿಜ್ಜಾ, ಬರ್ಗರ್, ಮ್ಯಾಗಿ, ಮೋಮೊ. ಪುಣೆಯಲ್ಲಿ ತಿಂದದ್ದೇ ಇಲ್ಲಿ, ಲಾತೂರಿನಲ್ಲಿ ತಿಂದದ್ದೇ ಇಲ್ಲಿ. ತಿನಿಸಿನ ಮಟ್ಟಿಗೆ ನನ್ನ ತೀರ್ಪು ಖಡಾಖಂಡಿತ: ಇದರಲ್ಲಿ ಸೊಲ್ಲಾಪುರ ಇಲ್ಲವೇ ಇಲ್ಲ. ಕಾಫಿಯ ಮಟ್ಟಿಗೂ ಅಷ್ಟೇ. ಒಳ್ಳೆಯ ಫಿಲ್ಟರ್ ಕಾಫಿ ಬೇಕಾದವರು ಉಡುಪಿ ಹೋಟೆಲಿಗೇ ಹೋಗಬೇಕು. ಗಲ್ಲೆಯ ಮೇಲೆ ಕರಾವಳಿಯ ಕನ್ನಡ, ಈಚೆ ನಮ್ಮ ಗಡಿಯ ಕನ್ನಡ. ಅವರು ‘ಎಂತ ಬೇಕು’ ಅನ್ನುವುದು, ನಾವು ‘ಏನ್ ಐತ್ರಿ’ ಅನ್ನುವುದು. ಮರಾಠಿ ಊರಿನ ನಡುವೆ ಎರಡು ಕನ್ನಡಗಳು ಭೇಟಿಯಾಗುವ ಆ ಗಳಿಗೆ ನನಗೆ ಕಾಫಿಗಿಂತ ರುಚಿ.

ಆದರೂ ಕೆಫೆಗಳನ್ನು ನಾನು ಬೈಯುವುದಿಲ್ಲ. ನನ್ನ ವಯಸ್ಸಿನವರು ಬಹಳ ಮಂದಿ ಬೈಯುತ್ತಾರೆ, ಹುಡುಗರು ಕೆಟ್ಟರು, ದುಡ್ಡು ಹಾಳು ಅಂತ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಪರ್ಧಾ ಪರೀಕ್ಷೆಗೆ ಓದುತ್ತಿದ್ದಾಳೆ. ಎರಡು ಕೋಣೆಯ ಮನೆ, ಆರು ಜನ, ಪಕ್ಕದಲ್ಲೇ ಮಗ್ಗದ ಖಟಖಟ. ಅವಳೂ ಅವಳ ಇಬ್ಬರು ಗೆಳತಿಯರೂ ವಾರಕ್ಕೊಮ್ಮೆ ದುಡ್ಡು ಕೂಡಿಸಿ ಕೆಫೆಗೆ ಹೋಗಿ ಮೂರು ತಾಸು ಕೂತು ಓದುತ್ತಾರೆ. ‘ಬಾಯಿ, ಅಲ್ಲಿ ಯಾರೂ ತಿರುಗಿ ನೋಡೂದಿಲ್ಲರಿ’ ಅಂದಳು. ಆ ಮಾತು ಕೇಳಿ ನನಗೆ ಪಾರ್ಸಲ್‌ನ ಸಂಜೆ ನೆನಪಾಯಿತು. ಹೆಣ್ಣುಮಕ್ಕಳು ಪರದೆ ಇಲ್ಲದೆ, ಗಂಡಸಿನ ಜೊತೆ ಇಲ್ಲದೆ, ಬೆಳಕಿನಲ್ಲಿ ಕೂಡುವ ಜಾಗವನ್ನು ಈ ಊರಿಗೆ ತಂದದ್ದು ಕೆಫೆಗಳೇ. ಇದನ್ನು ಒಪ್ಪದಿದ್ದರೆ ನಾನು ಸುಳ್ಳು ಹೇಳಿದಂತೆ.

ಪಾರ್ಕ್ ಚೌಪಾಟಿಯ ಗಾಡಾಗಳಲ್ಲಿ ಸಂಜೆ ಮನೆಮಂದಿಯೆಲ್ಲ ಹೋಗಿ ತಿನ್ನುವುದುಂಟು, ಅದೂ ಒಳ್ಳೆಯ ಜಾಗವೇ. ಆದರೆ ಅಲ್ಲಿ ಕೂತು ಓದಲಾಗುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿ? ಕೂಡುವ ಜಾಗದಲ್ಲಿ ನಮ್ಮ ತಿನಿಸಿಲ್ಲ, ನಮ್ಮ ತಿನಿಸಿರುವಲ್ಲಿ ಕೂಡಲು ಜಾಗವಿಲ್ಲ. ಖಾನಾವಳಿಯಲ್ಲಿ ಉಂಡು ಕೈ ತೊಳೆಯುವುದರೊಳಗೆ ಇನ್ನೊಬ್ಬರು ಬಾಕಿನ ಹಿಂದೆ ನಿಂತಿರುತ್ತಾರೆ. ಸೊಲ್ಲಾಪುರದ ಹೆಸರು ಹೊತ್ತ ತಿನಿಸೆಲ್ಲ ಪ್ಯಾಕೆಟ್ಟಿನಲ್ಲಿದೆ. ಅಂಗಡಿಯಿಂದ ಕೊಂಡು ಪುಣೆಯ ಮಗಳಿಗೆ, ಮುಂಬಯಿಯ ಅಳಿಯನಿಗೆ ಕಳಿಸುವ ವಸ್ತು ಅದು. ಊರಿನಲ್ಲೇ ಕೂತು ತಿನ್ನುವ ವಸ್ತುವಾಗಿ ಉಳಿದಿಲ್ಲ.

ಶೇಂಗಾ ಚಟ್ನಿಯನ್ನೇ ತೆಗೆದುಕೊಳ್ಳಿ. ಹೊರಗಿನವರು ಅದನ್ನು ಪುಡಿ ಅಂತ ತಿಳಿಯುತ್ತಾರೆ. ಮಿಕ್ಸರಿನಲ್ಲಿ ತಿರುವಿದರೆ ಪುಡಿಯೇ ಆಗುವುದು. ಶೇಂಗಾ ಹದವಾಗಿ ಹುರಿದು, ಸಿಪ್ಪೆ ತಿಕ್ಕಿ ಕೇರಿ, ಕೆಂಪು ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಬೇಕು. ಕುಟ್ಟುವ ಪೆಟ್ಟಿಗೆ ಕಾಳು ಜಜ್ಜಿ ಒಳಗಿನ ಎಣ್ಣೆ ಹೊರಬರುತ್ತದೆ, ಖಾರ ಆ ಎಣ್ಣೆಯಲ್ಲಿ ನೆನೆಯುತ್ತದೆ, ಚಟ್ನಿ ಮುದ್ದೆ ಕಟ್ಟುತ್ತದೆ. ಬೆರಳಲ್ಲಿ ಒತ್ತಿದರೆ ಎಣ್ಣೆ ಜಿನುಗಬೇಕು. ತಿರುಗುವ ಚಾಕು ಕಾಳನ್ನು ಕತ್ತರಿಸುತ್ತದೆ, ಒನಕೆ ಜಜ್ಜುತ್ತದೆ. ರುಚಿಯ ವ್ಯತ್ಯಾಸವೆಲ್ಲ ಅಲ್ಲಿದೆ. ಈಗ ದೊಡ್ಡ ಅಂಗಡಿಯವರು ಕುಟ್ಟುವ ಯಂತ್ರ ಇಟ್ಟಿದ್ದಾರೆ. ಒನಕೆಯ ಕೆಲಸವನ್ನೇ ಅದು ಮಾಡುವುದರಿಂದ ನನ್ನ ತಕರಾರಿಲ್ಲ.

ಅದರ ಜೋಡಿ ಖಡಕ್ ರೊಟ್ಟಿ. ಜೋಳ ನಮ್ಮ ಕರಿಮಣ್ಣಿನ ಹಿಂಗಾರು ಬೆಳೆ. ಮಳೆಗಾಲದ ಕೊನೆಗೆ ಬಿತ್ತಿದರೆ ಮಣ್ಣಿನಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಬೆಳೆದು ಬೇಸಿಗೆಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ರೊಟ್ಟಿಗೆ ಹೆಸರಾದ ಮಾಲದಂಡಿ 35-1 ತಳಿಯನ್ನು ಆರಿಸಿ ತೆಗೆದದ್ದು ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಬಿಜ್ಜಳನ ಮಂಗಳವಾಡವೇ ಆ ಮಂಗಳವೇಢೆ. ಕನ್ನಡ ಓದುಗರಿಗೆ ಅದರ ಗುರುತು ಬೇರೆ ಹೇಳಬೇಕಿಲ್ಲ. ಈ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಅಂಗೈಯಗಲದಿಂದ ಶುರುಮಾಡಿ ಬಡಿಯುತ್ತ ಬಡಿಯುತ್ತ ಹಪ್ಪಳದಷ್ಟು ತೆಳ್ಳಗೆ ಮಾಡಿ, ಹಂಚಿನ ಮೇಲೆ ಬೇಯಿಸಿ, ಸಣ್ಣ ಕಾವಿನಲ್ಲಿ ಒಣಗಿಸಿದರೆ ಖಡಕ್ ರೊಟ್ಟಿ. ತೇವ ಹೋದ ಮೇಲೆ ವಾರಗಟ್ಟಲೆ ಕೆಡುವುದಿಲ್ಲ. ಹಿಂದೆ ಪಂಢರಪುರಕ್ಕೆ ನಡೆದು ಹೋಗುವವರ ಗಂಟಿನಲ್ಲಿ ಇದೇ ಇರುತ್ತಿತ್ತು.

ಹೋಟೆಲುಗಳಲ್ಲಿ ರೊಟ್ಟಿ ಯಾಕೆ ಇಲ್ಲ ಅಂದರೆ ಮಾಲಕರು ಕಾರಣ ಹೇಳುತ್ತಾರೆ, ಅದು ಸುಳ್ಳೂ ಅಲ್ಲ: ಮೆತ್ತನ್ನ ರೊಟ್ಟಿ ಒಂದೊಂದೇ ಬಡಿಯಬೇಕು, ಬಡಿಯುವ ಕೈ ಸಿಗುವುದಿಲ್ಲ, ಗಿರಾಕಿ ಕಾಯುವುದಿಲ್ಲ. 1995ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ರೂಪಾಯಿಗೆ ಝುಣಕಾ–ಭಾಕರಿ, ಅಂದರೆ ಪಲ್ಯ–ರೊಟ್ಟಿ, ಕೊಡುವ ಕೇಂದ್ರಗಳನ್ನು ತೆರೆಯಿತು. ಕೆಲವೇ ವರ್ಷಗಳಲ್ಲಿ ಎಷ್ಟೋ ಕೇಂದ್ರಗಳು ವಡಾಪಾವ್, ಚೈನೀಸ್ ಅಂಗಡಿಗಳಾದವು. 2020ರಲ್ಲಿ ಬಂದ ಹತ್ತು ರೂಪಾಯಿಯ ಶಿವಭೋಜನ ತಾಟಿನಲ್ಲಿ ಭಾಕರಿಯ ಜಾಗದಲ್ಲಿ ಚಪಾತಿ ಇತ್ತು. ದುಡಿಮೆಯ ಲೆಕ್ಕ ಅಷ್ಟು ಕಟುವಾದದ್ದು.

ಆದರೆ ಖಡಕ್ ರೊಟ್ಟಿಗೆ ಈ ತೊಡಕು ಒಂದೂ ಇಲ್ಲ. ಒಲೆ ಬೇಡ, ಅಡಿಗೆಯವರು ಬೇಡ, ಫ್ರಿಜ್ ಬೇಡ. ಮನೆಮನೆಗಳಲ್ಲಿ ಹೆಂಗಸರು ಮಾಡಿ ಕಟ್ಟಿಡುತ್ತಿದ್ದಾರೆ. ತಾಟಿನಲ್ಲಿ ಎರಡು ರೊಟ್ಟಿ, ಒಂದು ಚಮಚ ಶೇಂಗಾ ಚಟ್ನಿ, ಮೇಲೆ ಕೆನೆಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಎರಡೇ ನಿಮಿಷದಲ್ಲಿ ಮೇಜಿಗೆ ಬರುತ್ತದೆ. ಎರಡು ತಾಸು ಕೂತು ಮುರಿಮುರಿದು ತಿನ್ನಲಿಕ್ಕೆ ಇದಕ್ಕಿಂತ ತಕ್ಕ ವಸ್ತು ಇಲ್ಲ. ಕೆಫೆಗೆಂದೇ ಹೇಳಿ ಮಾಡಿಸಿದ ತಿನಿಸು ನಮ್ಮ ಹಗೇವು, ನಮ್ಮ ಒರಳಿನಲ್ಲಿ ಮೊದಲಿನಿಂದ ಇದೆ. ಅದನ್ನು ಬಿಟ್ಟು ಮೈದಾದ ಬನ್ನನ್ನು ಹೊರಗಿನಿಂದ ತರಿಸುತ್ತೇವೆ. ಶೇಂಗಾ ಹೋಳಿಗೆಯೂ ಹಾಗೆಯೇ. ದಿನಗಟ್ಟಲೆ ಇರುತ್ತದೆ, ಚಹಾದ ಜೊತೆ ಕೇಕಿಗಿಂತ ಚೆನ್ನಾಗಿ ಹೊಂದುತ್ತದೆ. ಚಳಿಗಾಲದಲ್ಲಿ ಎಳೆ ಜೋಳದ ಸೀತನಿ ತಿನ್ನಲಿಕ್ಕೆ ಜನ ಹೊಲಗಳಿಗೆ ಕಾರು ಕಟ್ಟಿಕೊಂಡು ಹೋಗುತ್ತಾರೆ. ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಹೊರಟಾಗ ಊರೆಲ್ಲ ಭೋಗಿಯ ಪಲ್ಯ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ವಾಸನೆ. ಆಸೆ ಇಲ್ಲ ಅನ್ನುವಂತಿಲ್ಲ. ಆಸೆಯನ್ನು ಮೇಜಿನ ಮೇಲೆ ಇಡುವವರಿಲ್ಲ.

ಉಡುಪಿಯವರು ಇದನ್ನು ಮಾಡಿ ತೋರಿಸಿದ್ದಾರೆ. ಮಾಟುಂಗಾದಲ್ಲಿ ರಾಮಾ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಮುಂಬಯಿಯ ರುಚಿಗೆ ತಾವು ಬದಲಾಗಲಿಲ್ಲ. ಬಾಳೆಯೆಲೆ ಹಾಕಿ ತಮ್ಮ ಸಾರನ್ನೇ ಬಡಿಸಿದರು. ಮುಂಬಯಿ ಅದನ್ನು ಕಲಿತುಕೊಂಡಿತು. ಪರಊರಿನಲ್ಲಿ ಅವರಿಗೆ ಆದದ್ದು ಸ್ವಂತ ಊರಿನಲ್ಲಿ ನಮಗೆ ಆಗಬಾರದೇಕೆ?

ಹೊಸದಾಗಿ ಕೆಫೆ ತೆರೆಯುತ್ತಿರುವ ಸೊಲ್ಲಾಪುರ, ಅಕ್ಕಲಕೋಟೆಯ ಹುಡುಗ ಹುಡುಗಿಯರಿಗೆ, ಅವರಲ್ಲಿ ಕೆಲವರು ನನ್ನ ಕೈಯಲ್ಲಿ ಅಕ್ಷರ ಕಲಿತವರು, ನನ್ನ ವಿನಂತಿ ಇಷ್ಟೆ. ನಿಮ್ಮ ಕುರ್ಚಿ ಹಾಗೆಯೇ ಇರಲಿ, ದೀಪ ಹಾಗೆಯೇ ಇರಲಿ, ಪಿಜ್ಜಾನೂ ಇರಲಿ. ಅದರ ಕೆಳಗೆ ಒಂದು ಸಾಲು ರೊಟ್ಟಿ–ಚಟ್ನಿ ಸೇರಿಸಿ, ಪಕ್ಕದ ಓಣಿಯ ಅಕ್ಕನಿಂದಲೇ ಕೊಳ್ಳಿ. ಫಲಕ ಮರಾಠಿಯಲ್ಲಿರಬೇಕು ಅನ್ನುವುದು ಇಲ್ಲಿಯ ಕಾಯ್ದೆ, ಅದನ್ನು ಪಾಲಿಸಿ. ಒಳಗಿನ ತಿನಿಸಿನ ಪಟ್ಟಿಯಲ್ಲಿ ಕನ್ನಡಕ್ಕೂ ತೆಲುಗಿಗೂ ಒಂದೊಂದು ಸಾಲು ಕೊಡಿ. ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ಗಾಜಿನ ಬಾಗಿಲು ತಳ್ಳಿ ಒಳಗೆ ಬಂದರೆ ‘ಕೂಡ್ರಿ ಆಯಿ’ ಅನ್ನಿ.

ಓದುಗರಿಗೂ ಒಂದು ಮಾತು. ಗಿರಾಕಿ ಕೇಳದ್ದನ್ನು ಯಾವ ಮಾಲಕರೂ ಇಡುವುದಿಲ್ಲ. ಮುಂದಿನ ಸಲ ಸೊಲ್ಲಾಪುರದ ಕೆಫೆಯಲ್ಲಿ ಕೂತಾಗ, ಇದ್ದದ್ದನ್ನು ತರಿಸುವ ಮೊದಲು, ‘ಖಡಕ್ ರೊಟ್ಟಿ, ಶೇಂಗಾ ಚಟ್ನಿ ಐತೇನ್ರಿ?’ ಅಂತ ಕನ್ನಡದಲ್ಲೇ ಒಂದು ಸಲ ಕೇಳಿ.